ಪತ್ರವಿಲ್ಲದ ಮನೆಯ ಕಾದಂಬರಿ

ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ಕೂಟದಲ್ಲಿ ನನ್ನ ಸಹಪಾಠಿಯೊಬ್ಬರು ತಾವು ಬರೆಯಬೇಕೆಂದಿರುವ ಕಾದಂಬರಿಯ ರೂಪುರೇಷೆಯನ್ನು ಓದಿ ಹೇಳಿದರು. ಕಥೆ ನಡೆಯುವುದು ನನ್ನ ಊರಾದ ಗೋರ್ಟಾದಲ್ಲಿ. ಬೆಂಗಳೂರಿನಲ್ಲಿ ನೌಕರಿ ಮಾಡುವ ಇಂದಿನ ಕಾಲದ ಹುಡುಗಿಯೊಬ್ಬಳು ಅಜ್ಜಿ ತೀರಿಕೊಂಡ ಸುದ್ದಿ ಕೇಳಿ ಊರಿಗೆ ಬರುತ್ತಾಳೆ. ಅಟ್ಟದ ಮೇಲೆ ಒಂದು ಹಳೆಯ ಟ್ರಂಕು. ಟ್ರಂಕಿನಲ್ಲಿ ರೇಷ್ಮೆಯ ದಾರದಿಂದ ಬಿಗಿದ ಪತ್ರಗಳ ಕಟ್ಟು. ಪತ್ರಗಳು 1948ನೆಯ ಇಸವಿಯ ಮೇ ತಿಂಗಳಿನವು. ಬರೆದವಳು ಆ ಹುಡುಗಿಯ ಮುತ್ತಜ್ಜಿ. ಬರೆದದ್ದು ಸೊಲ್ಲಾಪುರದಲ್ಲಿದ್ದ ತನ್ನ ಅಣ್ಣನಿಗೆ. ಆ ಕಟ್ಟಿನ ಅಡಿಯಲ್ಲಿ ಒಂದು ತಾಳೆಗರಿ. ಅದರಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ಬಿಟ್ಟು ಓಡಿದ ಶರಣೆಯೊಬ್ಬಳ ಮಾತು. ಹೀಗೆ ಮೂರು ಕಾಲದ ಮೂವರು ಹೆಂಗಸರು ಒಂದೇ ಟ್ರಂಕಿನಲ್ಲಿ ಸಂಧಿಸುತ್ತಾರೆ. ಅಣ್ಣನಿಗೆ ಬರೆದ ಪತ್ರಗಳು ಬರೆದವಳ ಟ್ರಂಕಿನಲ್ಲಿಯೇ ಹೇಗೆ ಉಳಿದವೆಂದು ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಗಲಭೆಯಲ್ಲಿ ಅಂಚೆ ನಿಂತುಹೋಗಿತ್ತೆಂದು ಲೇಖಕರು ತತ್‌ಕ್ಷಣ ಉತ್ತರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆದರೆ ಅಂದು ಸಂಜೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ನನ್ನ ಮನಸ್ಸಿಗೆ ಏನೋ ಸರಿಬರಲಿಲ್ಲ. ಆ ಟ್ರಂಕು ನಮ್ಮೂರಿನದಲ್ಲ ಎಂಬ ಭಾವನೆ ಮೂಡಿತು. ಕೂಟದಲ್ಲಿ ಎದ್ದು ಹೇಳುವ ಧೈರ್ಯ ನನಗಿರಲಿಲ್ಲ; ಹೇಳಲು ಅಂದು ಮಾತೂ ಒದಗುತ್ತಿರಲಿಲ್ಲ. ಸಂಪಾದಕ ಮಂಡಲಿಯವರು ಈ ಸಂಚಿಕೆಗೆ ಲೇಖನ ಕೇಳಿದುದರಿಂದ ಆಗ ಆಡಲಾರದ ಮಾತನ್ನು ಇಲ್ಲಿ ಆಡುತ್ತಿದ್ದೇನೆ. ಗೆಳೆಯರು ಇದನ್ನು ವಿರೋಧವೆಂದು ತಿಳಿಯಬಾರದು.

ಹಳೆಯ ಪತ್ರಗಳಿಂದ ಬೇರೆ ಬೇರೆ ಕಾಲದ ಜನರನ್ನು ಬೆಸೆಯುವ ಕಥನ ವಿಧಾನದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಅದರ ರುಚಿ ನನಗೆ ಹತ್ತಿದ್ದು ಇಂಗ್ಲಿಷ್ ಅಧ್ಯಾಪಕರು ಎರವಲು ಕೊಟ್ಟ ಎ. ಎಸ್. ಬಯಟ್ ಅವರ ‘ಪೊಸೆಷನ್’ ಎಂಬ ಕಾದಂಬರಿಯಿಂದ. 1990ರಲ್ಲಿ ಪ್ರಕಟವಾಗಿ ಅದೇ ವರ್ಷ ಬುಕರ್ ಬಹುಮಾನವನ್ನು ಪಡೆದ ಗ್ರಂಥವದು. ದಸರೆಯ ರಜೆಯನ್ನೆಲ್ಲ ನಿಘಂಟಿನೊಡನೆ ಅದಕ್ಕೆ ತೆತ್ತೆ. ನಡುನಡುವೆ ಬರುವ ದೀರ್ಘ ಪದ್ಯಗಳನ್ನು ಹಾರಿಸಿದೆನೆಂದು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಪುಸ್ತಕ ಕೊಟ್ಟವರು ಕ್ಷಮಿಸಬೇಕು.

ಕಥೆಯ ಆರಂಭವೇ ಸೊಗಸು. ರೋಲಂಡ್ ಎಂಬ ಬಡ ಸಂಶೋಧಕನು ಲಂಡನ್ನಿನ ಗ್ರಂಥಾಲಯದಲ್ಲಿ, ಹತ್ತೊಂಬತ್ತನೆಯ ಶತಮಾನದ ಆ್ಯಶ್ ಎಂಬ ಕಲ್ಪಿತ ಕವಿಯ ಸ್ವಂತ ಪುಸ್ತಕವೊಂದನ್ನು ತೆರೆಯುತ್ತಾನೆ. ಹಾಳೆಗಳ ನಡುವೆ ಎರಡು ಕರಡು ಪತ್ರಗಳು ಮಡಿಸಿಕೊಂಡು ಕುಳಿತಿರುತ್ತವೆ. ವಿವಾಹಿತನಾದ ಕವಿಯು ಯಾರೋ ಒಬ್ಬ ಸ್ತ್ರೀಗೆ ಬರೆಯಲು ಹೊರಟು ನಿಲ್ಲಿಸಿದ ಪತ್ರಗಳು. ಆಕೆ ಕ್ರಿಸ್ಟಬೆಲ್ ಎಂಬ ಕವಯಿತ್ರಿ. ರೋಲಂಡನೂ ಮಾಡ್ ಎಂಬ ವಿದುಷಿಯೂ ಕೂಡಿ ಉಳಿದ ಪತ್ರಗಳನ್ನು ಹುಡುಕುತ್ತ ಹೋಗುತ್ತಾರೆ. ಕಡೆಗೆ ಬಿರುಗಾಳಿಯ ಒಂದು ರಾತ್ರಿ ಕವಿಯ ಸಮಾಧಿಯನ್ನೇ ಅಗೆದಾಗ, ಕವಿಯ ಹೆಂಡತಿ ಗಂಡನಿಗೆ ಕೊಡದೆ, ಸುಡಲೂ ಆರದೆ, ಪೆಟ್ಟಿಗೆಯಲ್ಲಿಟ್ಟು ಹೂಳಿದ್ದ ಒಂದು ಪತ್ರ ಹೊರಬೀಳುತ್ತದೆ. ಸತ್ತವನು ಓದದ ಆ ಪತ್ರವನ್ನು ನೂರು ವರ್ಷಗಳ ನಂತರದವರು ಓದುತ್ತಾರೆ. ಆ ಕವಿಗೂ ಕವಯಿತ್ರಿಗೂ ಹುಟ್ಟಿದ ಮಗಳ ವಂಶದವಳೇ ತಾನೆಂದು ಮಾಡ್‌ಗೆ ತಿಳಿಯುತ್ತದೆ. ಆ ಪುಟಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ಇಡೀ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರದಲ್ಲಿರುವ ಸಂಗತಿಯಲ್ಲ. ಕೊನೆಯ ಒಂದೆರಡು ಪುಟಗಳಲ್ಲಿ ಲೇಖಕಿ ಯಾವ ಪತ್ರದಲ್ಲಿಯೂ ದಾಖಲಾಗದ ಒಂದು ಘಟನೆಯನ್ನು ತಂದಿಟ್ಟಿದ್ದಾರೆ. ಆ್ಯಶ್ ತನ್ನ ಮಗಳನ್ನು ಒಂದು ಹೊಲದಲ್ಲಿ ಕಂಡು ಮಾತನಾಡಿಸಿ, ಮನೆಗೊಂದು ಸಂದೇಶವನ್ನು ಹೇಳಿ ಕಳುಹಿಸುತ್ತಾನೆ. ಮಗು ಆಟದಲ್ಲಿ ಅದನ್ನು ಮರೆತುಬಿಡುತ್ತದೆ. ಅಷ್ಟು ಕಾಗದಗಳನ್ನು ಶೋಧಿಸಿದ ಪಂಡಿತರಾರಿಗೂ ಅದು ಎಂದೆಂದಿಗೂ ತಿಳಿಯುವುದಿಲ್ಲ. ಇನ್ನೊಂದು ಪಾತ್ರವೂ ನನ್ನನ್ನು ಕಾಡಿತು. ಕವಿಯ ಮನೆಯಲ್ಲಿ ಬರ್ಥಾ ಎಂಬ ಕೆಲಸದ ಹುಡುಗಿ ಇರುತ್ತಾಳೆ. ಬಸುರಾದ ಆಕೆ ಮನೆ ಬಿಟ್ಟು ಹೋಗುತ್ತಾಳೆ. ಆಕೆಯ ವಿಷಯ ನಮಗೆ ಗೊತ್ತಾಗುವುದು ಯಜಮಾನಿಯ ದಿನಚರಿಯಿಂದ ಮಾತ್ರ. ಆಕೆಯದೇ ಆದ ಒಂದು ಪತ್ರವಿಲ್ಲ, ಒಂದು ಸಾಲಿಲ್ಲ. ಆಕೆ ಎಲ್ಲಿಗೆ ಹೋದಳೆಂದು ಹುಡುಕಲು ಯಾವ ಪಂಡಿತನೂ ರೈಲು ಹತ್ತುವುದಿಲ್ಲ.

ಆ ಬರ್ಥಾಳ ಕಡೆಯವರು ನಾವು. ಇದನ್ನು ದುಃಖದಿಂದ ಹೇಳುತ್ತಿಲ್ಲ. ಇದ್ದ ಸಂಗತಿಯನ್ನು ಹೇಳುತ್ತಿದ್ದೇನೆ. ಪತ್ರದ ಕಾದಂಬರಿಗೆ ಬರೆಯಬಲ್ಲವರು, ಓದಬಲ್ಲವರು, ಕಾಗದವನ್ನು ಗೆದ್ದಲಿನಿಂದ ಕಾಪಾಡಬಲ್ಲ ಮನೆಯವರು, ಈ ಮೂವರೂ ಬೇಕು. ನಮ್ಮ ಮನೆಯಲ್ಲಿ ಸಹಿ ಮಾಡಲು ಕಲಿತ ಮೊದಲಿಗರು ನನ್ನ ತಂದೆ. ನಮ್ಮ ಹೊಲದ ಮಣ್ಣು ಕರಿಯದು, ಮನೆಯ ಮಾಳಿಗೆ ಮಣ್ಣಿನದು, ಮಳೆಗಾಲದಲ್ಲಿ ಸೋರುವುದೂ ಉಂಟು. ಅಟ್ಟವಿಲ್ಲ. ಆದರೆ ಟ್ರಂಕು ಮಾತ್ರ ಇದೆ!

ಕೂಟವಾದ ಮರುದಿನವೇ ಅದನ್ನು ತೆರೆದೆ. ಆಯಿಯ ಇಳಕಲ್ಲು ಸೀರೆ, ರೇಷನ್ ಕಾರ್ಡು, ತಂದೆಯ ಏಳನೆಯ ಇಯತ್ತೆಯ ಅಂಕಪಟ್ಟಿ, ಪಹಣಿಯ ಪ್ರತಿಗಳು. ಎಲ್ಲದರ ಕೆಳಗೆ, ಎಣ್ಣೆಯ ಬಟ್ಟೆಯಲ್ಲಿ ಸುತ್ತಿದ ಎರಡು ಹಳೆಯ ಕಾಗದಗಳು. ಒಂದು ಉರ್ದುವಿನಲ್ಲಿತ್ತು. ಇನ್ನೊಂದು ಯಾವ ಲಿಪಿಯೆಂದು ಆಗ ನನಗೆ ಗೊತ್ತಾಗಲಿಲ್ಲ. ಗೆಳೆಯರ ಕಾದಂಬರಿಯ ನಾಯಕಿಯಂತೆ ನನ್ನ ಎದೆಯೂ ಡವಗುಟ್ಟಿತು. ಆಕೆಗಾದರೋ ಕುಳಿತಲ್ಲಿಯೇ ಓದಲು ಬಂತು. ನಾನು ಕಾಗದವನ್ನು ತಲೆಕೆಳಗು ಹಿಡಿದಿದ್ದೆನೋ ನೆಟ್ಟಗೆ ಹಿಡಿದಿದ್ದೆನೋ ಅದೂ ತಿಳಿಯದು.

‘‘ಆಯಿ, ಇದೇನು?’’ ಎಂದೆ.

‘‘ನಮ್ಮ ಮಾವಂದು ಕಾಗದ. ಜ್ವಾಕಿ ಇಡ್ರಿ ಅಂತ ಹೇಳಿದ್ರು, ಇಟ್ಟೀನಿ’’ ಎಂದರು ಆಯಿ. ಅದರಲ್ಲಿ ಏನಿದೆಯೆಂದು ಅವರೂ ಕೇಳಿದವರಲ್ಲ. ಅವರಿಗೆ ಯಾರೂ ಹೇಳಿದವರಲ್ಲ. ಓದಲಾಗದ ಕಾಗದವನ್ನು ಮೂರು ತಲೆಮಾರು ಜೋಪಾನ ಮಾಡಿದ್ದರು.

ಬಸವಕಲ್ಯಾಣದಲ್ಲಿ ನಿವೃತ್ತರಾದ ಒಬ್ಬ ಉರ್ದು ಮಾಸ್ತರರಿದ್ದಾರೆ. ಒಂದು ರವಿವಾರ ಕಾಗದವನ್ನು ಅವರಲ್ಲಿಗೆ ಒಯ್ದೆ. ಕನ್ನಡಕವನ್ನು ಒರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ಸುಮ್ಮನಿದ್ದರು. ಆ ಮೇಲೆ ‘‘ಬೇಟಾ, ಇದು ಖತ್ ಅಲ್ಲ, ದಸ್ತಾವೇಜು’’ ಎಂದರು. ಪತ್ರವಲ್ಲ, ಸಾಲದ ಪತ್ರ. ಫಸಲಿ 1352ರದು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆಂದು ಅವರೇ ಲೆಕ್ಕ ಹೇಳಿಕೊಟ್ಟರು. ಎಂದರೆ 1942ರ ಕೊನೆ ಅಥವಾ 1943. ನನ್ನ ಮುತ್ಯಾನ ತಂದೆ ಒಂದು ಎತ್ತಿಗಾಗಿ ಅರವತ್ತು ರೂಪಾಯಿ ಹಾಲಿ ಸಿಕ್ಕಾ ಸಾಲ ಪಡೆದು ಹೊಲವನ್ನು ಒತ್ತೆ ಇಟ್ಟಿದ್ದರು. ಹಾಲಿ ಸಿಕ್ಕಾ ಎಂಬುದು ನಿಜಾಮನ ಸಂಸ್ಥಾನದ ಸ್ವಂತ ನಾಣ್ಯ.

ಊರಿನ ಹೆಸರು ಬಂದಲ್ಲಿ ಮಾಸ್ತರರು ‘‘ಮೌಜೆ ಗೋರ್ಟಾ ಬುಜುರ್ಗ್’’ ಎಂದು ಓದಿದರು. ಬುಜುರ್ಗ್ ಎಂದರೆ ಹಿರಿದು. ಇಪ್ಪತ್ತು ವರ್ಷ ನಾನು ನನ್ನ ಊರಿನ ಹೆಸರಿನ ಮುಂದಿನ ‘(ಬಿ)’ ಎಂಬುದು ಬೀದರಿನ ಬಿ ಎಂದೋ ಬಸವಕಲ್ಯಾಣದ ಬಿ ಎಂದೋ ತಿಳಿದಿದ್ದೆ. ಬಸ್ಸಿನ ಫಲಕದಲ್ಲಿ ದಿನವೂ ಕಾಣುವ ಒಂದಕ್ಷರ ಪಾರಸಿಯ ಮುರುಕು ತುಂಡೆಂದು ಅಂದು ತಿಳಿಯಿತು.

ನನ್ನ ದೊಡ್ಡ ಮುತ್ಯಾನ ಹೆಸರಿನಲ್ಲಿ ಒಂದು ಣಕಾರವಿದೆ. ಉರ್ದು ಲಿಪಿಯಲ್ಲಿ ಆ ಅಕ್ಷರವಿಲ್ಲ, ನಕಾರದಿಂದಲೇ ತೀರಿಸಿಕೊಳ್ಳಬೇಕು. ಆದ್ದರಿಂದ ಕಾಗದದಲ್ಲಿ ಅವರ ಹೆಸರು ನಾವು ಕರೆಯುವ ಹೆಸರಲ್ಲ. ಹೊಲದ ಎಲ್ಲೆ ಕಟ್ಟು ಹೇಳುವ ಸಾಲುಗಳು ಬಂದಾಗ ಮಾತ್ರ ನನ್ನ ಮೈ ಜುಮ್ಮೆಂದಿತು. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಹುಣಸೆಯ ಮರ. ಆ ಮರ ನಾನು ಹುಟ್ಟುವ ಮೊದಲೇ ಬಿದ್ದುಹೋಗಿತ್ತು. ಆದರೆ ಆ ಹೊಲಕ್ಕೆ ನಾವು ಇಂದಿಗೂ ‘ಹುಣಸಿ ಹೊಲ’ ಎನ್ನುತ್ತೇವೆ. ಅಲ್ಲಿ ಹುಣಸೆಯೇ ಇಲ್ಲವಲ್ಲ ಎಂದು ಚಿಕ್ಕಂದಿನಲ್ಲಿ ನಾನು ನಗುತ್ತಿದ್ದೆ. ಕೊನೆಗೆ ‘‘ನಿಶಾನಿ ಅಂಗೂಠಾ’’ ಎಂದು ಓದಿ ಮಾಸ್ತರರು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು. ಕೆಳಗೆ ಒಂದು ಮಸಿಯ ಹೆಬ್ಬೆಟ್ಟು. ಅದರ ರೇಖೆಗಳು ಇನ್ನೂ ಕಾಣುತ್ತವೆ. ಇಡೀ ಕಾಗದದಲ್ಲಿ ನನ್ನ ದೊಡ್ಡ ಮುತ್ಯಾನ ಕೈಯಿಂದ ಬಂದದ್ದು ಅದೊಂದೇ. ಉಳಿದ ಮಾತೆಲ್ಲ ಬರೆದ ಗುಮಾಸ್ತನದು, ಸಾಲ ಕೊಟ್ಟವನದು.

ಹೀಗೇಕೆ ಆಯಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಬೀದರ ಜಿಲ್ಲೆ ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿದ್ದು, ಭಾಷಾವಾರು ಪ್ರಾಂತ ರಚನೆಯಲ್ಲಿ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿಯೇ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಗೆ ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದ ಪ್ರತಿ ಮಗುವಿಗೂ ಗೊತ್ತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತು, ಸ್ವಂತ ಪರಿಶ್ರಮದಿಂದ ಕನ್ನಡ ಕಲಿತು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಅಂತಹವರಿಗೇ ಕನ್ನಡದ ಅಕ್ಷರ ಅಷ್ಟು ಕಷ್ಟದಿಂದ ದಕ್ಕಿದ್ದಾದರೆ, 1948ರ ಗೋರ್ಟಾದಲ್ಲಿ ಒಬ್ಬ ಒಕ್ಕಲಗಿತ್ತಿ ಅಣ್ಣನಿಗೆ ಮುತ್ತಿನಂತಹ ಕನ್ನಡದಲ್ಲಿ ಹದಿನೈದು ಪತ್ರ ಬರೆದಳೆಂದರೆ ನಾನು ಹೇಗೆ ನಂಬಲಿ? ಆಕೆಗೆ ಅಕ್ಷರ ಕಲಿಸಿದವರು ಯಾರು? ಕಾಗದ ಕೊಟ್ಟವರು ಯಾರು? ರೇಷ್ಮೆಯ ದಾರ ಎಲ್ಲಿಯದು?

ಇದಕ್ಕೆ ಗೆಳೆಯರು ಸುಲಭವಾದ ಉತ್ತರ ಹೇಳಬಲ್ಲರು, ಹೇಳಿಯೂ ಹೇಳಿದರು. ಕ್ಯಾಂಟೀನಿನಲ್ಲಿ ನನ್ನ ಸಂದೇಹವನ್ನು ಮುಂದಿಟ್ಟಾಗ, ‘‘ಅಲ್ಲಪಾ, ಕಾದಂಬರಿ ಅಂದಮ್ಯಾಲ ಎಲ್ಲಾ ಕಟ್ಟಿದ್ದೇ. ನಿಮ್ಮ ಬಯಟ್ ಬಾಯಾರು ಕಟ್ಟಿಲ್ಲೇನು?’’ ಎಂದರು. ನಿಜ. ಆ್ಯಶ್ ಎಂಬ ಕವಿ ಎಂದೂ ಇರಲಿಲ್ಲ. ಆದರೆ ಆತನಂತಹ ಕವಿಗಳಿದ್ದರು, ಅವರು ಪತ್ರ ಬರೆಯುತ್ತಿದ್ದರು, ಅವರ ಪತ್ರಗಳನ್ನು ಕಾಪಾಡುವ ಗ್ರಂಥಾಲಯಗಳಿದ್ದವು. ಇದ್ದ ಜಾಡಿನಲ್ಲಿ ಆಕೆಯ ಕಲ್ಪನೆ ನಡೆಯಿತು. ನಮ್ಮೂರಿನ ಹೆಂಗಸಿಗೆ ಪತ್ರ ಬರೆಸುವುದು ಕಲ್ಪನೆಯಲ್ಲ. ಆಕೆಗೆ ಇಲ್ಲದಿದ್ದುದನ್ನು ಇತ್ತೆಂದು ತೋರಿಸಿ ಆಕೆಯ ನಿಜವಾದ ಕೊರತೆಯನ್ನು ಮುಚ್ಚಿಡುವುದು. ಅಕ್ಷರವಿಲ್ಲದೆ ಆಕೆ ಏನೇನು ಕಳೆದುಕೊಂಡಳೋ ಅದೇ ಕಥೆಯಲ್ಲವೇ?

ಇನ್ನು ಆ ತಾರೀಖಿನ ಮಾತು. 1948ರ ಮೇ 9 ಮತ್ತು 10ರಂದು ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆ ಸುಲಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಊರಿನ ದೊಡ್ಡ ಮನೆಯೊಂದರಲ್ಲಿ ನೂರಾರು ಮಂದಿ ಆಶ್ರಯ ಪಡೆದು ಬದುಕಿಕೊಂಡರು. 2014ರಲ್ಲಿ ಶಂಕುಸ್ಥಾಪನೆಯಾದ ಹುತಾತ್ಮರ ಸ್ಮಾರಕ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. 103 ಅಡಿ ಎತ್ತರದ ಧ್ವಜಸ್ತಂಭ ನಮ್ಮ ಹೊಲದಿಂದಲೂ ಕಾಣುತ್ತದೆ. ಇಂತಹ ಸಂಗತಿಯ ಮೇಲೆ ಕಟ್ಟಿದ ಪತ್ರ ಕಾದಂಬರಿಯಲ್ಲಿಯೇ ಉಳಿಯುವುದಿಲ್ಲ. ಇಂದು ಯಾವ ಮಾತು ಬೇಕಾದರೂ ಮೊಬೈಲಿನಲ್ಲಿ ಊರೂರು ತಿರುಗುತ್ತದೆ. ಆರು ತಿಂಗಳೊಳಗೆ ಕಾದಂಬರಿಯ ಹೆಸರು ಕಳಚಿ, ‘1948ರಲ್ಲಿ ಗೋರ್ಟಾದ ತಾಯಿ ಬರೆದ ನಿಜವಾದ ಪತ್ರ’ ಎಂದು ಅದು ನನ್ನ ಕೈಗೇ ಬರುತ್ತದೆ. ಸತ್ತವರ ಬಾಯಲ್ಲಿ ನಾವು ಇಟ್ಟ ಮಾತು ಸಾಕ್ಷಿಯಾಗಿ ನಿಲ್ಲುತ್ತದೆ. ಆ ಸತ್ತವರ ಮೊಮ್ಮಕ್ಕಳು ಇನ್ನೂ ಊರಿನಲ್ಲಿದ್ದಾರೆ.

ಆ ದಿನದ ಬಗೆಗೆ ನಮ್ಮ ಮನೆಯಲ್ಲಿ ಉಳಿದಿರುವುದು ಒಂದೇ ವಾಕ್ಯ. ಆಯಿ ಮದುವೆಯಾಗಿ ಈ ಊರಿಗೆ ಬಂದದ್ದು ಬಹಳ ವರ್ಷಗಳ ಮೇಲೆ. ಅವರು ಅದನ್ನು ಕೇಳಿದ್ದು ತಮ್ಮ ಅತ್ತೆಯ ಬಾಯಿಂದ. ‘‘ಆ ವರ್ಷ ಮಿರಗ ಬಂತು, ಹೊಲಕ್ಕ ಹೋಗಾವ್ರು ಇದ್ದಿಲ್ಲ.’’ ಇಷ್ಟೇ. ಮೃಗಶಿರಾ ಮಳೆ ಜೂನಿನ ಮೊದಲ ವಾರ ಕೂಡುತ್ತದೆ. ಎಂದರೆ ಆ ದಿನಗಳಾಗಿ ಒಂದು ತಿಂಗಳು. ಮುಂದೆ ಏನಾಯಿತೆಂದು ಕೇಳಿದರೆ ಆಯಿ ‘‘ಏನಾಗ್ತದ, ತಡಾ ಬಿತ್ತಿದ್ರು’’ ಎಂದು ಹೇಳಿ ಎದ್ದುಹೋಗುತ್ತಾರೆ. ಗೆಳೆಯರ ಹದಿನೈದು ಪತ್ರಗಳಲ್ಲಿ ಕತ್ತಿಯಿದೆ, ಬೆಂಕಿಯಿದೆ, ದೇಶಪ್ರೇಮವಿದೆ, ಮಿರಗದ ಮಾತಿಲ್ಲ. ಒಕ್ಕಲಿಗರ ಮನೆಯ ಹೆಣ್ಣುಮಗಳಿಗೆ ಆ ವರ್ಷವೆಂದರೆ ಬಿತ್ತನೆ ತಪ್ಪಿದ ವರ್ಷವೆಂಬುದು ಪಟ್ಟಣದಲ್ಲಿ ಕುಳಿತ ನಾಯಕಿಗೆ ಹೊಳೆಯುವುದಿಲ್ಲ.

ಇನ್ನೊಂದು ಕಡೆಯೂ ಇದೆ. ಅದನ್ನು ಹೇಳದಿದ್ದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಅದೇ ವರ್ಷ ಸೆಪ್ಟೆಂಬರ್ 13ರಿಂದ 17ರವರೆಗೆ ಪೋಲೀಸು ಕಾರ್ಯಾಚರಣೆ ನಡೆದು ಸಂಸ್ಥಾನವು ಭಾರತದಲ್ಲಿ ಸೇರಿತು. ಅನಂತರದ ವಾರಗಳಲ್ಲಿ ಈ ಸೀಮೆಯ ಮುಸಲ್ಮಾನ ಮನೆಗಳ ಮೇಲೆ ಬಿದ್ದ ವಿಪತ್ತನ್ನು ಪರಿಶೀಲಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳುಹಿಸಿತು. ಅತಿ ಹೆಚ್ಚು ಹಾನಿಯಾದುವೆಂದು ಆ ಸಮಿತಿ ಎಣಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಉಳಿದುವು ಗುಲ್ಬರ್ಗಾ, ಉಸ್ಮಾನಾಬಾದು, ನಾಂದೇಡ. ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಕಾಗದವನ್ನು ಓದಿ ಮುಗಿಸಿದ ಮೇಲೆ ಮಾಸ್ತರರು ಅದನ್ನು ಮೊದಲಿದ್ದ ಮಡಿಕೆಯಲ್ಲಿಯೇ ಮಡಿಸುತ್ತ, ‘‘ನಮ್ಮ ಮನಿಯಾಗೂ ಒಂದು ಟ್ರಂಕ್ ಇತ್ತು’’ ಎಂದರು. ನಾನು ಮುಂದಿನ ಮಾತಿಗಾಗಿ ಕಾದೆ. ಅವರು ಒಳಗೆ ಹೋಗಿ ಚಹಾ ತಂದರು.

ಹಾಗಾದರೆ ಪತ್ರವಿಲ್ಲದ ಜನರಿಗೆ ಕಾದಂಬರಿಯೇ ಬೇಡವೇ? ಗೆಳೆಯರು ಕೋಪದಿಂದಲೇ ಕೇಳಿದರು: ‘‘ಹಂಗಾದ್ರ ಗೋರ್ಟಾದ ಮ್ಯಾಲ ಬರೀಲೇಬಾರ್ದೇನು?’’ ಬರೆಯಬೇಕು. ಬೇರೆಯವರು ಹೇಗೆ ಬರೆದರೆಂದು ನೋಡಿ ಬರೆಯಬೇಕು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳನ್ನು ಕಟ್ಟಿರುವುದು ಕಾಗದವಲ್ಲ, ಕಡಲ ಕರೆಯ ಮಣ್ಣು, ಮತ್ತು ಆ ಮಣ್ಣಿನಲ್ಲಿ ಸವೆದ ಹೆಂಗಸರ ದುಡಿಮೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮಂಚ ಮಾತನಾಡುತ್ತದೆ; ಮನೆಮನೆಯ ದೀಪದ ಜೋತಮ್ಮಂದಿರು ಕೂಡಿ ಊರಿನ ಸುದ್ದಿಯನ್ನು ಹಂಚಿಕೊಳ್ಳುತ್ತಾರೆ. ಮೊದಲ ಸಲ ಓದಿದಾಗ ಅದು ನನಗೆ ಚಮತ್ಕಾರವೆನಿಸಿತ್ತು. ಆ ಹೆಬ್ಬೆಟ್ಟನ್ನು ಕಂಡ ಮೇಲೆ ಹಾಗೆನಿಸುವುದಿಲ್ಲ. ಪತ್ರವಿಲ್ಲದ ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದದ್ದು ದೀಪವೇ. ಸಾಕ್ಷಿ ಕೇಳಬೇಕಾದರೆ ಅದನ್ನೇ ಕೇಳಬೇಕು.

ಗೆಳೆಯರ ತಾಳೆಗರಿಯ ಭಾಗದ ಬಗೆಗೂ ಒಂದು ಮಾತು. ಅಲ್ಲಿ ಅವರ ಕಲ್ಪನೆ ಹೆಚ್ಚು ಸತ್ಯಕ್ಕೆ ಹತ್ತಿರವಾಗಿದೆ. ಬಹುಶಃ ಅವರಿಗೇ ಅದು ತಿಳಿಯದು. ವಚನಗಳ ಕಟ್ಟುಗಳನ್ನು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿರಲಿಲ್ಲ. ನಮ್ಮ ಆಯಿ ಎಣ್ಣೆಯ ಬಟ್ಟೆಯಲ್ಲಿ ಸಾಲದ ಪತ್ರವನ್ನು ಕಾಪಾಡಿದ ಹಾಗೆಯೇ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಬಿಚ್ಚಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅವರಿಲ್ಲದಿದ್ದರೆ ಇಂದು ನಾವು ಪಠ್ಯದಲ್ಲಿ ಓದುವ ಎಷ್ಟೋ ವಚನಗಳು ವಿಭೂತಿಯ ಅಡಿಯಲ್ಲಿಯೇ ಇರುತ್ತಿದ್ದುವು.

ಅದರಲ್ಲಿ ಇನ್ನೊಂದು ಆಶ್ಚರ್ಯವಿದೆ. ವಚನದ ಕೊನೆಯಲ್ಲಿ ಅಂಕಿತ ಬರುತ್ತದೆ. ಪತ್ರದ ಕೆಳಗಿನ ಸಹಿಯಂತೆಯೇ ಅದು. ಆದರೆ ಕಾಗದ ಬೇಡದ ಸಹಿ. ಬಾಯಿಂದ ಬಾಯಿಗೆ ಹೋದರೂ ಮಾತಿನ ಜೊತೆಗೆ ಆಡಿದವರ ಗುರುತು ಹೋಗುತ್ತದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಬದುಕಿದ ಮನೆಯ ಲಕ್ಕಮ್ಮ, ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’ ಎಂಬ ಅಂಕಿತದೊಡನೆ, ಗಂಡನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಬೈದ ಮಾತು ಸಹಿತ ಎಂಟುನೂರು ವರ್ಷ ದಾಟಿ ನಮ್ಮ ತರಗತಿಗೆ ಬಂದಿದ್ದಾಳೆ. ಅದೇ ಕಲ್ಯಾಣದ ಸೀಮೆಯಲ್ಲಿ, ಎಂಬತ್ತು ವರ್ಷದ ಹಿಂದೆ ಬದುಕಿದ್ದ ನನ್ನ ದೊಡ್ಡ ಮುತ್ಯಾ ಒಂದು ಮಾತನ್ನೂ ಬಿಡದೆ ಹೆಬ್ಬೆಟ್ಟೊಂದನ್ನು ಮಾತ್ರ ಬಿಟ್ಟುಹೋದರು. ಆಯ್ದಕ್ಕಿ ಲಕ್ಕಮ್ಮ ನನಗೆ ನನ್ನ ಮುತ್ಯಾನ ತಂದೆಗಿಂತ ಹೆಚ್ಚು ಪರಿಚಿತಳು. ಕಾಲಗಳನ್ನು ಬೆಸೆಯುವ ಕಾದಂಬರಿ ಗೋರ್ಟಾದಲ್ಲಿ ಹುಟ್ಟಬೇಕಾದರೆ ಈ ವಿಚಿತ್ರದಿಂದಲೇ ಏಕೆ ಹುಟ್ಟಬಾರದು? ದೂರದವಳು ಹತ್ತಿರ, ಹತ್ತಿರದವನು ದೂರ. ನಡುವೆ ಎರಡು ಮೂರು ಲಿಪಿಗಳು, ಓದಲಾಗದ ಒಂದು ಕಾಗದ, ಮಿರಗದ ಮಳೆಯ ಬಗೆಗೆ ಒಂದೇ ವಾಕ್ಯ. ನಾಯಕಿ ಟ್ರಂಕನ್ನು ತೆರೆಯಲಿ; ಆದರೆ ಕಾಗದವನ್ನು ಹಿಡಿದುಕೊಂಡು ಓದಬಲ್ಲವರ ಮನೆಯ ಬಾಗಿಲಿಗೆ ಹೋಗಲಿ. ಆ ಬಾಗಿಲಿನಲ್ಲಿ ಏನಾಗುತ್ತದೆಂಬುದೇ ನೂರು ಪುಟವಾದೀತು.

ಈ ಮಾತನ್ನೆಲ್ಲ ಗೆಳೆಯರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ರೇಷ್ಮೆಯ ದಾರವನ್ನು ತೆಗೆದು ಸೆಣಬಿನ ದಾರ ಹಾಕುತ್ತೇನೆಂದರು. ಹದಿನೈದು ಪತ್ರಗಳನ್ನು ಐದಕ್ಕಿಳಿಸುತ್ತೇನೆಂದರು. ಮಿರಗದ ಮಾತನ್ನು ಮಾತ್ರ ಕೊಡೆಂದು ಕೇಳಿದರು. ಆಯಿಯನ್ನು ಕೇಳಿ ಹೇಳುತ್ತೇನೆಂದೆ. ಆಯಿ, ‘‘ಬರ್ಕೊಳ್ಳಲಿ, ಆದ್ರ ನಮ್ಮತ್ತಿ ಅಂದಿದ್ದು ಅಂತ ಬರೀಲಿ’’ ಎಂದಿದ್ದಾರೆ.

ನಾನೀಗ ರವಿವಾರಗಳಲ್ಲಿ ಮಾಸ್ತರರ ಹತ್ತಿರ ಉರ್ದು ಲಿಪಿ ಕಲಿಯುತ್ತಿದ್ದೇನೆ. ಅಲಿಫ್‌ನಿಂದ ಆರಂಭಿಸಿ ಅಕ್ಷರಮಾಲೆ ಮುಗಿದಿದೆ; ಕೂಡಿಸಿ ಓದುವುದು ಇನ್ನೂ ಕಷ್ಟ. ಎರಡನೆಯ ಕಾಗದವನ್ನು ನೋಡಿ ಮಾಸ್ತರರು ಅದು ಉರ್ದುವಲ್ಲ, ಮೋಡಿ ಲಿಪಿಯೆಂದು ಹೇಳಿದರು. ಹಿಂದೆ ಮರಾಠಿಯ ಲೆಕ್ಕಪತ್ರಗಳನ್ನು ಕುಲಕರ್ಣಿಗಳು ಬರೆಯುತ್ತಿದ್ದ ಲಿಪಿ ಅದು. ಅವರಿಗೆ ಅದು ಬಾರದು. ಅದರ ಕೆಳಗೆ ಹೆಬ್ಬೆಟ್ಟು ಒಂದಲ್ಲ, ಎರಡಿವೆ. ಒಂದು ಚಿಕ್ಕದು, ಹೆಂಗಸಿನದಿರಬಹುದು. ಈ ಸಂಚಿಕೆಯನ್ನು ಓದುವ ಸಹಪಾಠಿಗಳ ಮನೆಯಲ್ಲಾಗಲಿ ಊರಿನಲ್ಲಾಗಲಿ ಮೋಡಿ ಓದಬಲ್ಲ ಹಿರಿಯರಿದ್ದರೆ ದಯವಿಟ್ಟು ನನಗೆ ತಿಳಿಸಬೇಕು. ಪರೀಕ್ಷೆ ಮುಗಿದ ಕೂಡಲೇ ಕಾಗದವನ್ನು ತೆಗೆದುಕೊಂಡು ಬರುತ್ತೇನೆ.